ಭಾರಿ ಗುದ್ದು ಯಾರದು, ಅದು ಎಲ್ಲಿಂದ ಬರುತ್ತದೆ: ವಾದಕ್ಕೂ ಬ್ಯಾಗಿಗೂ ಒಂದು ಕೈಪಿಡಿ

ಬಾಕ್ಸಿಂಗ್ ನೋಡುವವರು ನಾಲ್ಕು ಜನ ಸೇರಿದರೆ ಈ ಜಗಳ ತಪ್ಪಿದ್ದಲ್ಲ. ಒಬ್ಬ ಮೈಕ್ ಟೈಸನ್ ಅಂತಾನೆ, ಇನ್ನೊಬ್ಬ ಫೋರ್‌ಮನ್. ಹಳಬರಿದ್ದರೆ ಅರ್ನಿ ಶೇವರ್ಸ್ ಹೆಸರು ಬರುತ್ತದೆ, ಹುಡುಗರಿದ್ದರೆ ಡಿಯಾಂಟೇ ವೈಲ್ಡರ್. ವಾದ ಮುಗಿಯುವುದಿಲ್ಲ, ಏಕೆಂದರೆ ಒಬ್ಬೊಬ್ಬರೂ ಬೇರೆ ಬೇರೆ ಪ್ರಶ್ನೆಗೆ ಉತ್ತರ ಕೊಡುತ್ತಿರುತ್ತಾರೆ. ಒಂದೇ ಏಟಿಗೆ ಮಲಗಿಸುವವನು ಯಾರು? ಗಾರ್ಡ್ (ಮುಖ, ಮೈ ಕಾಯಲು ಎತ್ತಿಟ್ಟ ಕೈಗಳು) ಮೇಲೆ ಬಿದ್ದರೂ ನೋಯಿಸಿ, ಸುತ್ತಿನಿಂದ ಸುತ್ತಿಗೆ ಎದುರಾಳಿಯನ್ನು ಹಣ್ಣು ಮಾಡುವವನು ಯಾರು? ತನ್ನ ಮೈತೂಕಕ್ಕೆ ಮೀರಿ ಹೊಡೆಯುವವನು ಯಾರು? ಈ ಮೂರರಲ್ಲಿ ಯಾವುದರ ಬಗ್ಗೆ ಮಾತು ಎಂದು ಮೊದಲು ಒಪ್ಪಿಕೊಂಡರೆ ಅರ್ಧ ಜಗಳ ಅಲ್ಲೇ ಇಳಿಯುತ್ತದೆ.

ದಾಖಲೆ ಓದುವ ಬಗೆ

ನಾಕೌಟ್ (ಎದುರಾಳಿ ಮುಂದುವರಿಯಲಾಗದಂತೆ ಹೊಡೆದು ಗೆಲ್ಲುವುದು) ಶೇಕಡಾವಾರು ಹಿಡಿದುಕೊಂಡು ಬರುವವರನ್ನು ಅಷ್ಟಕ್ಕೇ ನಂಬಬೇಡಿ. ರಾಕಿ ಮಾರ್ಸಿಯಾನೊ 49 ಗೆಲುವಿನಲ್ಲಿ 43 ನಾಕೌಟ್, ಜಾರ್ಜ್ ಫೋರ್‌ಮನ್ 76ರಲ್ಲಿ 68. ವೈಲ್ಡರ್ 2019ರ ಕೊನೆಗೆ 42ರಲ್ಲಿ 41. ಅಂಕಿಗಳು ನಿಜ. ಆದರೆ ವೈಲ್ಡರ್‌ನ ಮೊದಲ 32 ನಾಕೌಟ್‌ಗಳಲ್ಲಿ ಮೇಲ್ದರ್ಜೆಯ ಎದುರಾಳಿಗಳು ತೀರ ಕಡಿಮೆ. 33ನೆಯವನಾಗಿ, 2015ರ ಜನವರಿಯಲ್ಲಿ, ಚಾಂಪಿಯನ್ ಬರ್ಮೇನ್ ಸ್ಟಿವರ್ನ್ ಎದುರಾದಾಗ ಪೂರ್ತಿ 12 ಸುತ್ತು ಆಡಬೇಕಾಯಿತು.

ಹಾಗಾಗಿ ಸೋತವನ ದಾಖಲೆಯನ್ನೂ ತೆರೆದು ನೋಡಿ. ಅವನು ಬೇರೆಯವರ ಏಟಿಗೆ ಎಷ್ಟು ಸಲ ಬಿದ್ದಿದ್ದಾನೆ? ಲ್ಯಾರಿ ಹೋಮ್ಸ್ ತನ್ನ ಇಡೀ ವೃತ್ತಿಜೀವನದಲ್ಲಿ ನಾಕೌಟ್ ಆಗಿ ಸೋತದ್ದು ಒಂದೇ ಸಲ, 1988ರಲ್ಲಿ ಟೈಸನ್ ಎದುರು. ಅಂಥವನನ್ನು 1979ರ ಸೆಪ್ಟೆಂಬರ್‌ನಲ್ಲಿ, ಏಳನೇ ಸುತ್ತಿನಲ್ಲಿ, ಶೇವರ್ಸ್‌ನ ಒಂದೇ ಬಲಗೈ ಏಟು ಅಂಗಾತ ಕೆಡವಿತು. ಎಲ್ಲರ ಏಟಿಗೂ ಬೀಳುವವರ ಮೇಲೆ ಸಿಕ್ಕಿದ ಹತ್ತು ನಾಕೌಟ್‌ಗಳಿಗಿಂತ ಈ ಒಂದು ನಾಕ್‌ಡೌನ್‌ಗೆ (ಏಟಿಗೆ ನೆಲಕ್ಕೆ ಬೀಳುವುದು, ಎದ್ದರೆ ಪಂದ್ಯ ಮುಂದುವರಿಯುತ್ತದೆ) ತೂಕ ಹೆಚ್ಚು.

ಹೋಮ್ಸ್ ಎದ್ದ, ಆ ಸುತ್ತು ದಾಟಿಸಿದ, 11ನೇ ಸುತ್ತಿನಲ್ಲಿ ಶೇವರ್ಸ್‌ನನ್ನೇ ರೆಫರಿ ಪಂದ್ಯ ನಿಲ್ಲಿಸುವಷ್ಟು ಹೊಡೆದು ಸೋಲಿಸಿದ. ಇದನ್ನು ಮುಂದಿಟ್ಟು ‘ಶೇವರ್ಸ್ ಗುದ್ದು ಅಷ್ಟೇನಲ್ಲ’ ಎನ್ನುವವರಿದ್ದಾರೆ. ಅದು ತಪ್ಪು ಲೆಕ್ಕ. ಅಲುಗಾಡಿಸುವುದು ಗುದ್ದಿನ ಕೆಲಸ. ಅಲುಗಾಡಿದವನನ್ನು ಮುಗಿಸುವುದು ಬೇರೆಯದೇ ಕಸುಬು, ಅದಕ್ಕೆ ತಾಳ್ಮೆ ಬೇಕು, ಉಸಿರು ಉಳಿದಿರಬೇಕು. ಏಟು ತಡೆದುಕೊಳ್ಳುವ ಗದ್ದವಂತೂ ಮೂರನೆಯ ವಿಷಯ: ಅದೇ ಶೇವರ್ಸ್‌ನನ್ನು 1973ರಲ್ಲಿ ಜೆರ್ರಿ ಕ್ವಾರಿ ಮೊದಲ ಸುತ್ತಿನಲ್ಲೇ ಮುಗಿಸಿದ್ದ. ಈ ಮೂರನ್ನೂ ಕಲಸಿದರೆ ವಾದ ಕೆಡುತ್ತದೆ.

ತೂಕದ ವಿಚಾರಕ್ಕೆ ಬಾಬ್ ಫಾಸ್ಟರ್ ಒಳ್ಳೆಯ ಪಾಠ. ಅತಿ ಭಾರದ ವಿಭಾಗವಾದ ಹೆವಿವೇಟ್‌ಗಿಂತ ಕೆಳಗಿನ ಲೈಟ್ ಹೆವಿವೇಟ್‌ನಲ್ಲಿ ಅವನ ಎಡಗೈ ಹುಕ್ (ಪಕ್ಕದಿಂದ ಬಳಸಿ ಬರುವ ಏಟು) 1968ರಲ್ಲಿ ಡಿಕ್ ಟೈಗರ್‌ನಂಥ ಗಟ್ಟಿಗನನ್ನು ನಾಲ್ಕನೇ ಸುತ್ತಿನಲ್ಲಿ ಮಲಗಿಸಿತು. ಅದೇ ಫಾಸ್ಟರ್ ಹೆವಿವೇಟ್‌ಗೆ ಹೋಗಿ ಜೋ ಫ್ರೇಜಿಯರ್ ಮತ್ತು ಮುಹಮ್ಮದ್ ಅಲಿ ಇಬ್ಬರಿಂದಲೂ ನಾಕೌಟ್ ಆದ. ಎದುರಾಳಿಯ ಕುತ್ತಿಗೆ, ಭುಜ ದಪ್ಪವಾದಷ್ಟೂ ಅದೇ ಗುದ್ದಿನ ಫಲ ಇಳಿಯುತ್ತದೆ. ಹೀಗಾಗಿ ಹಗುರ ತೂಕದ ಜಪಾನಿ ಬಾಕ್ಸರ್ ನವೋಯಾ ಇನೋವೆಯನ್ನೂ ಫೋರ್‌ಮನ್‌ನನ್ನೂ ಒಂದೇ ಪಟ್ಟಿಯಲ್ಲಿ ಮೇಲೆ ಕೆಳಗೆ ಇಡುವುದರಲ್ಲಿ ಅರ್ಥವಿಲ್ಲ. ತೂಕದ ವಿಭಾಗಕ್ಕೊಂದು ಪಟ್ಟಿ ಮಾಡಿ. ತದ್ವಿರುದ್ಧವೂ ಆಗುತ್ತದೆ ಅನ್ನಿ: 2018ರ ಡಿಸೆಂಬರ್‌ನಲ್ಲಿ ಸುಮಾರು 96 ಕೆ.ಜಿ.ಯ ವೈಲ್ಡರ್ 116 ಕೆ.ಜಿ.ಯ ಟೈಸನ್ ಫ್ಯೂರಿಯನ್ನು 12ನೇ ಸುತ್ತಿನಲ್ಲಿ ನೆಲಕ್ಕೆ ಚಾಚಿದ. ಫ್ಯೂರಿ ಎದ್ದದ್ದು ಬೇರೆ ಮಾತು.

ವಿಡಿಯೋ ನೋಡುವಾಗ

ವೇಗವನ್ನು ಕಾಲುಭಾಗಕ್ಕೆ ಇಳಿಸಿ. ಹೊಡೆದವನ ಕೈ ನೋಡುವ ಮೊದಲು ಏಟು ತಿಂದವನನ್ನು ನೋಡಿ. ಅವನು ಹಿಂದೆ ಸರಿಯುತ್ತಿದ್ದನೋ, ಮುಂದೆ ಬರುತ್ತಿದ್ದನೋ? 1990ರ ನವೆಂಬರ್‌ನಲ್ಲಿ ಜೂಲಿಯನ್ ಜಾಕ್ಸನ್ ಹೆರಾಲ್ ಗ್ರಹಾಂನನ್ನು ಕೆಡವಿದ್ದನ್ನು ತೆಗೆದುಕೊಳ್ಳಿ. ಜಾಕ್ಸನ್‌ನ ಕಣ್ಣು ಊದಿ ಮುಚ್ಚುವ ಹಂತಕ್ಕೆ ಬಂದಿತ್ತು, ಗ್ರಹಾಂ ಗೆಲ್ಲುತ್ತಿದ್ದ. ನಾಲ್ಕನೇ ಸುತ್ತಿನಲ್ಲಿ ಮುಗಿಸಿಬಿಡೋಣವೆಂದು ಮುನ್ನುಗ್ಗಿದ, ಎದುರಿನಿಂದ ಬಲಗೈ ಬಂತು, ನೆಲ ಮುಟ್ಟುವ ಮೊದಲೇ ಗ್ರಹಾಂಗೆ ಪ್ರಜ್ಞೆ ಇರಲಿಲ್ಲ. ಅಲ್ಲಿ ಜಾಕ್ಸನ್‌ನ ಬಲದ ಜೊತೆಗೆ ಗ್ರಹಾಂ ಮುನ್ನುಗ್ಗಿದ ವೇಗವೂ ಸೇರಿತು.

ಎರಡನೆಯದಾಗಿ, ಏಟು ಬರುವುದು ಅವನಿಗೆ ಕಂಡಿತ್ತೇ? ಕಂಡ ಏಟಿಗೆ ಕುತ್ತಿಗೆಯ ಸ್ನಾಯುಗಳು ಬಿಗಿಯಾಗುತ್ತವೆ, ತಲೆ ಮುಂಡದ ಜೊತೆ ಒಂದಾಗಿ ನಿಲ್ಲುತ್ತದೆ. ಕಾಣದ ಏಟಿಗೆ ತಲೆ ಒಂದೇ ಗಿರ್ರನೆ ತಿರುಗುತ್ತದೆ, ಮಿದುಳು ಹಿಂದುಳಿಯುತ್ತದೆ. ಗದ್ದದ ತುದಿಗೆ ಬಿದ್ದ ಹುಕ್ ಕೆಡವುವುದೂ ಇದೇ ಕಾರಣಕ್ಕೆ: ಅಲ್ಲಿ ಬಿದ್ದರೆ ತಲೆಯನ್ನು ತಿರುಗಿಸಲು ಸನ್ನೆಕೋಲಿನ ಅನುಕೂಲ ಸಿಗುತ್ತದೆ. ಅಷ್ಟೇ ಬಲದ ಏಟು ಹಣೆಗೆ ಬಿದ್ದರೆ ಮುರಿಯುವುದು ಹೊಡೆದವನ ಕೈ.

ಮೂರನೆಯದು ಬಹಳ ಜನ ಬಿಡುವ ಅಂಶ. ಗಾರ್ಡ್ ಮೇಲೆ ಬಿದ್ದ ಏಟುಗಳನ್ನು ಗಮನಿಸಿ. ಎದುರಾಳಿಯ ಸ್ವಂತ ಗ್ಲೌಸ್ ಅವನ ಮುಖಕ್ಕೇ ಬಡಿಯುತ್ತಿದೆಯೇ? ಎರಡನೇ ಸುತ್ತಿನ ಹೊತ್ತಿಗೆ ಅವನು ಗುದ್ದುವುದನ್ನೇ ಬಿಟ್ಟು ಬರೀ ಮುಚ್ಚಿಕೊಳ್ಳುತ್ತಿದ್ದಾನೆಯೇ? ಆರ್ಟುರ್ ಬೆಟರ್‌ಬಿಯೆವ್ ಮೊದಲ 20 ಪಂದ್ಯಗಳನ್ನೂ ನಾಕೌಟ್‌ನಲ್ಲಿ ಗೆದ್ದದ್ದು ಹೆಚ್ಚಾಗಿ ಈ ದಾರಿಯಲ್ಲಿ. ಹೈಲೈಟ್ ವಿಡಿಯೋದಲ್ಲಿ ಇದು ಕಾಣುವುದಿಲ್ಲ, ಪೂರ್ತಿ ಪಂದ್ಯ ನೋಡಬೇಕು.

ನಮ್ಮ ತೀರ್ಪು ಬೇಕೆಂದರೆ: ಒಂದೇ ಏಟಿನ ಪ್ರಶ್ನೆಗೆ ಹೆವಿವೇಟ್‌ನಲ್ಲಿ ವೈಲ್ಡರ್‌ನ ಬಲಗೈ, ಅದರ ಪಕ್ಕದಲ್ಲೇ ಶೇವರ್ಸ್, ಕೆಳಗಿನ ವಿಭಾಗಗಳಲ್ಲಿ ಜೂಲಿಯನ್ ಜಾಕ್ಸನ್. ಎರಡೂ ಕೈಯಲ್ಲಿ, ಎಲ್ಲಿ ಬಿದ್ದರೂ ಭಾರ ಎಂಬ ಪ್ರಶ್ನೆಗೆ ಫೋರ್‌ಮನ್. 1973ರಲ್ಲಿ ಕಿಂಗ್‌ಸ್ಟನ್‌ನಲ್ಲಿ ಜೋ ಫ್ರೇಜಿಯರ್‌ನನ್ನು ಎರಡು ಸುತ್ತಿನೊಳಗೆ ಆರು ಸಲ ಕೆಡವಿದ; 1994ರಲ್ಲಿ, 45ನೇ ವಯಸ್ಸಿನಲ್ಲಿ, ಒಂಬತ್ತು ಸುತ್ತು ಏಟು ತಿಂದು, ಹತ್ತನೆಯದರಲ್ಲಿ ಒಂದು ಗಿಡ್ಡ ಬಲಗೈ ಏಟಿಗೆ ಮೈಕೆಲ್ ಮೂರರ್‌ನನ್ನು ಮಲಗಿಸಿದ. ವಯಸ್ಸಾದಂತೆ ಕಾಲಿನ ಚುರುಕು ಹೋಗುತ್ತದೆ, ಕೈವೇಗ ಹೋಗುತ್ತದೆ. ಗುದ್ದು ಕೊನೆಗೆ ಹೋಗುವುದು. ಟೈಸನ್‌ನನ್ನು ಇಲ್ಲಿ ಮೊದಲು ಇಡದಿರುವುದಕ್ಕೆ ಬೈಗುಳ ಬರುತ್ತದೆಂದು ಗೊತ್ತು. ಅವನ ನಿಜವಾದ ಆಯುಧ ಒಂದರ ಹಿಂದೊಂದು ಬರುವ, ಕಣ್ಣಿಗೆ ಕಾಣದ ಏಟುಗಳು.

ಬಲ ಎಲ್ಲಿಂದ?

1985ರಲ್ಲಿ ಬ್ರಿಟನ್ನಿನ ಹೆವಿವೇಟ್ ಫ್ರಾಂಕ್ ಬ್ರೂನೊನ ಗುದ್ದನ್ನು ಪ್ರಯೋಗಾಲಯದಲ್ಲಿ ಅಳೆದರು. ಮುಷ್ಟಿ 0.1 ಸೆಕೆಂಡಿನಲ್ಲಿ 49 ಸೆಂ.ಮೀ. ಸಾಗಿ, ಸೆಕೆಂಡಿಗೆ 8.9 ಮೀಟರ್ ವೇಗದಲ್ಲಿ ಬಡಿಯಿತು. ಗರಿಷ್ಠ ಬಲ 4,096 ನ್ಯೂಟನ್, ಅಂದರೆ ಸುಮಾರು 0.4 ಟನ್. ಆ ವೇಗ ಗಂಟೆಗೆ 32 ಕಿ.ಮೀ. ಮಾತ್ರ. ಬರೀ ಕೈಯ ತೂಕ ಆ ವೇಗದಲ್ಲಿ ಬಂದರೆ ಇಷ್ಟು ಬಲ ಬರುವುದಿಲ್ಲ. ಹಿಂದೆ ಮೈತೂಕದ ಒಂದು ಪಾಲು ಸೇರಿಕೊಂಡಿರಬೇಕು. ಆ ಪಾಲು ಎಷ್ಟು ಎಂಬುದರಲ್ಲೇ ಗುದ್ದುವವನೂ ತಟ್ಟುವವನೂ ಬೇರೆಯಾಗುತ್ತಾರೆ.

ಅದೇ ದಶಕದಲ್ಲಿ ಸೋವಿಯತ್ ಸಂಶೋಧಕ ಫಿಲಿಮೊನೊವ್ ಮತ್ತು ಸಂಗಡಿಗರು ನೇರ ಬಲಗೈ ಏಟಿಗೆ ಯಾವ ಅಂಗದ ಕೊಡುಗೆ ಎಷ್ಟು ಎಂದು ಲೆಕ್ಕ ಹಾಕಿದರು. ಉನ್ನತ ದರ್ಜೆಯವರಲ್ಲಿ ಕಾಲಿನ ತಳ್ಳುವಿಕೆ ಸುಮಾರು ಶೇ 38, ಮುಂಡದ ತಿರುವು ಶೇ 37, ತೋಳು ಶೇ 24. ಕೆಳದರ್ಜೆಯವರಲ್ಲಿ ತೋಳು ಶೇ 38, ಕಾಲು ಶೇ 16ರಷ್ಟೇ. 2000ದಲ್ಲಿ ಪ್ರಕಟವಾದ ಇನ್ನೊಂದು ಅಳತೆಯಲ್ಲಿ ಹಿಂದಿರುವ ಕೈಯ (ಬಲಗೈಯವರಿಗೆ ಬಲಗೈ) ಏಟಿನ ಗರಿಷ್ಠ ಬಲ ಉನ್ನತ ಮಟ್ಟದವರಿಗೆ ಸರಾಸರಿ 4,800 ನ್ಯೂಟನ್, ಮಧ್ಯಮರಿಗೆ 3,722, ಹೊಸಬರಿಗೆ 2,381. ‘ಗುದ್ದು ಹುಟ್ಟಿನಿಂದಲೇ ಬರಬೇಕು’ ಎನ್ನುವ ಮಾತಿನಲ್ಲಿ ಹುರುಳಿದೆ, ವೇಗದ ಸ್ನಾಯುತಂತುಗಳ ಪಾಲು, ಮೂಳೆಯ ಉದ್ದ ಇವನ್ನು ಯಾರೂ ಕಲಿಸಲಾರರು. ಕಾಲನ್ನು ಬಳಸುವುದನ್ನು ಮಾತ್ರ ಖಂಡಿತ ಕಲಿಸಬಹುದು.

ಥಾಮಸ್ ಹರ್ನ್ಸ್, ಬಾಬ್ ಫಾಸ್ಟರ್ ಇಬ್ಬರೂ ಭಾರಿ ಗುದ್ದಿನವರೇ, ಆದರೆ ಕಡ್ಡಿಯಂಥ ಮೈಯವರು. ಎದೆ, ಬೈಸೆಪ್ಸ್ ಬೆಳೆಸಿದರೆ ಗುದ್ದು ಬರುತ್ತದೆಂದು ನಂಬಿದವರಿಗೆ ಈ ಇಬ್ಬರ ಫೋಟೋ ತೋರಿಸಿ. ಬಟ್ಟೆ ಒಗೆಯುವ ಕಲ್ಲಿನ ಮುಂದೆ ನಿಂತು ಒದ್ದೆ ಸೀರೆ ಬಡಿಯುವವರನ್ನು ನೋಡಿದ್ದೀರಲ್ಲ: ಕಾಲು ಊರುತ್ತದೆ, ಸೊಂಟ ತಿರುಗುತ್ತದೆ, ಭುಜ ಹಿಂಬಾಲಿಸುತ್ತದೆ, ಸೀರೆಯ ತುದಿ ಕೊನೆಗೆ ಎಲ್ಲಕ್ಕಿಂತ ವೇಗವಾಗಿ ಬರುತ್ತದೆ. ಕ್ರಮ ಅದೇ. ಜೊತೆಗೆ ಇನ್ನೊಂದು: ಶುರುವಿನಲ್ಲಿ ಒಂದು ಬಿಗಿತ, ದಾರಿಯಲ್ಲಿ ಸಡಿಲ, ತಾಗುವ ಕ್ಷಣದಲ್ಲಿ ಮತ್ತೆ ಬಿಗಿತ. ನುರಿತ ಹೋರಾಟಗಾರರ ಸ್ನಾಯುಗಳಲ್ಲಿ ಈ ಎರಡು ಶಿಖರಗಳು ಅಳತೆಯಲ್ಲೂ ಕಂಡಿವೆ. ದಾರಿಯುದ್ದಕ್ಕೂ ಮುಷ್ಟಿ ಬಿಗಿಹಿಡಿದರೆ ವೇಗ ಸಾಯುತ್ತದೆ. ಕೊನೆಯಲ್ಲೂ ಬಿಗಿಯದಿದ್ದರೆ ಮಣಿಕಟ್ಟು ಮಡಚಿ ಬಲ ಅಲ್ಲೇ ಸೋರುತ್ತದೆ.

ಬ್ಯಾಗ್ ಮುಂದೆ

ಗುದ್ದಲು ತೂಗುಹಾಕುವ ಬ್ಯಾಗ್ ನಿಮ್ಮ ಮೈತೂಕದ ಅರ್ಧದಷ್ಟಿರಲಿ, 70 ಕೆ.ಜಿ.ಯವರಿಗೆ 35 ಕೆ.ಜಿ. ಸಾಕು. 4.5 ಮೀಟರ್ ಉದ್ದದ ಬಟ್ಟೆ ಪಟ್ಟಿ, ಅಂದರೆ ಹ್ಯಾಂಡ್ ರ‍್ಯಾಪ್ ಸುತ್ತದೆ ಶುರು ಮಾಡಬೇಡಿ. ಮಣಿಕಟ್ಟಿಗೆ ಮೂರು ಸುತ್ತು, ಗೆಣ್ಣುಗಳ ಮೇಲೆ ಮೂರು, ಬೆರಳ ಸಂದುಗಳಲ್ಲಿ ಒಂದೊಂದು, ಉಳಿದದ್ದು ಮತ್ತೆ ಮಣಿಕಟ್ಟಿಗೆ.

ಬಲಗೈಯವರ ನೇರ ಬಲಗೈ ಏಟನ್ನೇ ಹಿಡಿಯೋಣ. ಎಡಗಾಲು ಮುಂದೆ, ಬಲಗಾಲು ಹಿಂದೆ, ಪಾದಗಳ ಅಂತರ ಭುಜದಗಲಕ್ಕಿಂತ ತುಸು ಹೆಚ್ಚು, ಮಂಡಿ ಸಡಿಲ, ಬಲ ಹಿಮ್ಮಡಿ ನೆಲದಿಂದ ಮೇಲೆ. ಬಲಪಾದದ ಮುಂಭಾಗದಿಂದ ನೆಲವನ್ನು ಒತ್ತಿ. ಹಿಮ್ಮಡಿ ಹೊರಕ್ಕೆ ತಿರುಗುತ್ತದೆ, ಬಲಸೊಂಟ ಮುಂದೆ ಬರುತ್ತದೆ, ಆಮೇಲೆ ಭುಜ. ಮೊಣಕೈ ಪಕ್ಕೆಲುಬಿನ ಹತ್ತಿರದಿಂದಲೇ ಹೊರಟು, ಆದಷ್ಟು ಹೊತ್ತು ನೆಲ ನೋಡುತ್ತಿರಲಿ. ತಾಗುವಾಗ ತೋರುಬೆರಳು ಮತ್ತು ನಡುಬೆರಳಿನ ಗೆಣ್ಣುಗಳು, ಮುಂಗೈ ಜೊತೆ ಒಂದೇ ಗೆರೆಯಲ್ಲಿ. ಆಗ ಮೊಣಕೈ ಇನ್ನೂ ಚೂರು ಬಾಗಿರಬೇಕು. ಬಾಯಿಂದ ‘ಸ್ಸ್’ ಎಂದು ಚಿಕ್ಕ ಉಸಿರು ಬಿಡಿ.

ಎಡಗಾಲನ್ನು ಯಾರೂ ಹೇಳಿಕೊಡುವುದಿಲ್ಲ, ಅಲ್ಲೇ ಬಹುಪಾಲು ಬಲ ಕಳೆಯುತ್ತದೆ. ಅದು ಬ್ರೇಕು. ಹಿಂದಿನಿಂದ ಬಂದ ತೂಕ ಎಡಗಾಲಿಗೆ ತಾಗಿ ನಿಲ್ಲಬೇಕು, ನಿಂತಾಗಲೇ ಮೇಲಿನ ಮೈ ರಪ್ಪನೆ ತಿರುಗುತ್ತದೆ. ಎಡಮಂಡಿ ಮುಂದೆ ಕುಸಿದು ತಲೆ ಅದನ್ನು ದಾಟಿ ಹೋಯಿತೆಂದರೆ ನೀವು ಗುದ್ದುತ್ತಿಲ್ಲ, ಬ್ಯಾಗಿನ ಮೇಲೆ ಒರಗುತ್ತಿದ್ದೀರಿ.

ಪರೀಕ್ಷೆ ಸುಲಭ. ಬ್ಯಾಗ್ ದೂರಕ್ಕೆ ತೂಗಾಡಿದರೆ ಅದು ತಳ್ಳು. ಬ್ಯಾಗ್ ಇದ್ದಲ್ಲೇ ನಡು ಮಡಚಿ, ಸರಪಳಿ ಝಲ್ಲೆಂದು ಕುಣಿದರೆ ಅದು ಗುದ್ದು. ಸದ್ದನ್ನು ನಂಬಬೇಡಿ, ಗ್ಲೌಸ್‌ನ ಅಂಗೈ ಭಾಗದಿಂದ ಬಡಿದರೂ ಭಾರಿ ಸದ್ದು ಬರುತ್ತದೆ. ಮಾಲ್‌ಗಳಲ್ಲಿರುವ ಪಂಚಿಂಗ್ ಮಷಿನ್ನಿನ ಅಂಕಿಯನ್ನೂ ವಾದಕ್ಕೆ ತರಬೇಡಿ: ಅದು ಆ ಯಂತ್ರದ್ದೇ ಅಳತೆ, ಓಡಿಬಂದು ತೋಳು ಬೀಸಿದವನಿಗೆ ಹೆಚ್ಚು ಕೊಡುತ್ತದೆ.

ಕಾಣುವ ತಪ್ಪುಗಳಲ್ಲಿ ಮೊದಲನೆಯದು ಹೊಡೆಯುವ ಮೊದಲು ಕೈಯನ್ನು ಹಿಂದಕ್ಕೆ ಎಳೆಯುವುದು. ಬಲ ಕೊಂಚ ಹೆಚ್ಚಿದಂತೆ ಅನ್ನಿಸಿದರೂ ಎದುರಿನವನಿಗೆ ಏಟು ಕಂಡುಬಿಡುತ್ತದೆ. ಮೊಣಕೈ ಬೇಗ ಪಕ್ಕಕ್ಕೆ ಎದ್ದರೆ ಮುಷ್ಟಿ ಓರೆಯಾಗಿ ಕಿರುಬೆರಳಿನ ಗೆಣ್ಣು ತಾಗುತ್ತದೆ, ಅದರ ಹಿಂದಿನ ಮೂಳೆ ಮುರಿಯುವುದು ಇಲ್ಲಿಯ ಮಾಮೂಲಿ ಗಾಯ. ಬಲಪಾದ ನೆಲ ಬಿಟ್ಟು ಹಾರಿದರೆ ತಳ್ಳಲು ಆಸರೆಯೇ ಇಲ್ಲ. ಕೈಯಲ್ಲಿ ಡಂಬೆಲ್ ಹಿಡಿದು ಶ್ಯಾಡೋ ಬಾಕ್ಸಿಂಗ್ (ಎದುರಾಳಿ ಇಲ್ಲದೆ ಗಾಳಿಗೆ ಗುದ್ದುವುದು) ಮಾಡುವುದರಿಂದ ಗುದ್ದು ಬೆಳೆಯುವುದಿಲ್ಲ. ತೂಕ ಕೆಳಕ್ಕೆ ಎಳೆಯುತ್ತದೆ, ಗುದ್ದು ಹೋಗುವುದು ಮುಂದಕ್ಕೆ. ದಣಿಯುವುದು ಭುಜ ಮಾತ್ರ.

ಬಲಕ್ಕೆಂದು ಮಾಡುವ ಅಭ್ಯಾಸ ದಣಿವಿನ ಅಭ್ಯಾಸವಲ್ಲ. ಪೂರ್ತಿ ಬಲದ ಮೂರು ಏಟು, 30 ಸೆಕೆಂಡು ವಿರಾಮ; ಹೀಗೆ ಎಂಟು ಹತ್ತು ಸಲ, ವಾರಕ್ಕೆ ಎರಡು ದಿನ. ಏಟು ನಿಧಾನವಾಯಿತು ಅನ್ನಿಸಿದ ಕೂಡಲೇ ಅಂದಿಗೆ ನಿಲ್ಲಿಸಿ. ಜೊತೆಗೆ 3ರಿಂದ 5 ಕೆ.ಜಿ. ಮೆಡಿಸಿನ್ ಬಾಲನ್ನು ಸೊಂಟ ತಿರುಗಿಸಿ ಗೋಡೆಗೆ ಎಸೆಯುವುದು, ಪ್ರತಿ ಬದಿಗೆ ಐದರ ಮೂರು ಸೆಟ್. ಸ್ಕ್ವಾಟ್, ಜಂಪ್ ಸ್ಕ್ವಾಟ್. ಪೂರ್ತಿ ಬಲವನ್ನು ಸ್ಪಾರಿಂಗ್ (ಅಭ್ಯಾಸದ ಪಂದ್ಯ) ಜೊತೆಗಾರನ ತಲೆಯ ಮೇಲೆ ಪರೀಕ್ಷಿಸಬೇಡಿ, 16 ಔನ್ಸ್ ಗ್ಲೌಸ್ ಇದ್ದರೂ ಸರಿಯೇ: ಗ್ಲೌಸ್ ದಪ್ಪವಾದರೆ ಚರ್ಮ ಉಳಿಯುತ್ತದೆ, ಏಟಿಗೆ ತಲೆ ಗಿರ್ರನೆ ಹೊರಳುವುದು ನಿಲ್ಲುವುದಿಲ್ಲ. ಏಟಿನ ಮೇಲೆ ತಲೆನೋವು, ವಾಕರಿಕೆ, ಮಂಕು ಬಂದವನು ಆ ದಿನ ಮತ್ತೆ ರಿಂಗಿಗೆ ಇಳಿಯಕೂಡದು, ವೈದ್ಯರಿಗೆ ತೋರಿಸಬೇಕು.