ಸದ್ದು ಒಡೆಯದಂತೆ ವರ್ಚುವಲ್ ವಾದ್ಯ ನುಡಿಸಲು ನನ್ನ ಕಂಪ್ಯೂಟರನ್ನು ಹದಗೊಳಿಸಿದ ಬಗೆ

ತುಮಕೂರಿನ ನನ್ನ ಮನೆಯ ಮಹಡಿ ಕೋಣೆಯಲ್ಲಿ, ಸುತ್ತಮುತ್ತಲ ಹಳ್ಳಿಗಳ ಪೌರಾಣಿಕ ನಾಟಕ ತಂಡಗಳಿಗೆ ಹಿನ್ನೆಲೆ ಸಂಗೀತವನ್ನೂ ಜಾತ್ರೆಗಳ ಕಾಲಕ್ಕೆ ಭಕ್ತಿಗೀತೆಗಳನ್ನೂ ಸಿದ್ಧಪಡಿಸಿ ಕೊಡುತ್ತೇನೆ. ಹಾಡುವವರು, ಹಾರ್ಮೋನಿಯಂ ಮೇಷ್ಟ್ರು, ತಬಲಾ ನುಡಿಸುವವರು ಇಲ್ಲಿಯೇ ಸಿಗುತ್ತಾರೆ. ಆದರೆ ಕುರುಕ್ಷೇತ್ರದ ಯುದ್ಧದ ಸನ್ನಿವೇಶಕ್ಕೆ ಬೇಕಾದ ಪಿಟೀಲುಗಳ ದೊಡ್ಡ ಮೇಳ, ಕಹಳೆ, ಭಾರಿ ಡ್ರಮ್ಮುಗಳು ಕಂಪ್ಯೂಟರಿನ ವರ್ಚುವಲ್ ವಾದ್ಯಗಳಿಂದಲೇ ಬರಬೇಕು. ಹಾಡು ಬೆಳೆದಂತೆಲ್ಲ ಚಟಚಟ ಸದ್ದು ಶುರುವಾಗುತ್ತಿತ್ತು. ಟಾಸ್ಕ್ ಮ್ಯಾನೇಜರ್ ತೆರೆದರೆ ಪ್ರೊಸೆಸರಿನ ಬಳಕೆ ಅರ್ಧದಷ್ಟೂ ಇರುತ್ತಿರಲಿಲ್ಲ. ಹೊಸ ಕಂಪ್ಯೂಟರ್ ಕೊಳ್ಳುವಂತೆ ಹಲವರು ಹೇಳಿದರು. ಅರ್ಧ ಖಾಲಿಯಿರುವ ಯಂತ್ರ ಏಕೆ ಸೋಲುತ್ತಿದೆ ಎಂಬುದು ತಿಳಿಯದೆ ಹಣ ಹಾಕಲು ನನಗೆ ಮನಸ್ಸಾಗಲಿಲ್ಲ.

ಟಾಸ್ಕ್ ಮ್ಯಾನೇಜರ್ ತೋರಿಸುವುದು ಪ್ರೊಸೆಸರಿನೊಳಗಿನ ಎಲ್ಲ ಕೋರ್‌ಗಳ (ಲೆಕ್ಕ ಹಾಕುವ ಘಟಕಗಳ) ಸರಾಸರಿಯನ್ನು. ಧ್ವನಿಗೆ ಬೇಕಿರುವುದು ಗಡುವಿನೊಳಗೆ ಮುಗಿಯುವ ಕೆಲಸ. ಬಫರನ್ನು, ಎಂದರೆ ಒಂದು ಸಲಕ್ಕೆ ಲೆಕ್ಕ ಹಾಕಿ ಕೊಡುವ ಧ್ವನಿಯ ತುಣುಕನ್ನು, 128 ಸ್ಯಾಂಪಲ್‌ಗೆ ಇಟ್ಟು 44.1 ಕಿಲೋಹರ್ಟ್ಸ್‌ನಲ್ಲಿ (ಸೆಕೆಂಡಿಗೆ 44,100 ಸ್ಯಾಂಪಲ್, ಎಂದರೆ ಧ್ವನಿಯ ಅಳತೆಯ ಬಿಂದುಗಳು) ಕೆಲಸ ಮಾಡುವಾಗ, ಪ್ರತಿ 2.9 ಮಿಲಿಸೆಕೆಂಡಿಗೊಮ್ಮೆ ಎಲ್ಲ ವಾದ್ಯಗಳ, ಎಲ್ಲ ಎಫೆಕ್ಟ್‌ಗಳ ಲೆಕ್ಕ ಮುಗಿದು ಆಡಿಯೊ ಇಂಟರ್‌ಫೇಸಿಗೆ (ಕಂಪ್ಯೂಟರಿನ ಧ್ವನಿಯನ್ನು ಸ್ಪೀಕರಿಗೆ ಕೊಡುವ ಪೆಟ್ಟಿಗೆಗೆ) ತಲುಪಿರಬೇಕು. ಒಂದೇ ಒಂದು ಸಲ ತಡವಾದರೂ ಆ ಜಾಗದಲ್ಲಿ ಧ್ವನಿ ಒಡೆಯುತ್ತದೆ. ಪಂಕ್ತಿಯಲ್ಲಿ ಕುಳಿತವರಿಗೆಲ್ಲ ಸಾಕಾಗುವಷ್ಟು ಅನ್ನ ಅಡುಗೆಮನೆಯಲ್ಲಿದ್ದರೂ ಬಡಿಸುವವನು ತಡವಾಗಿ ಬಂದರೆ ಎಲೆ ಖಾಲಿಯೇ ಉಳಿಯುತ್ತದಲ್ಲ, ಇದೂ ಹಾಗೆಯೇ. ಇದು ಅರ್ಥವಾದ ಮೇಲೆ ಯಂತ್ರದ ಒಟ್ಟು ಶಕ್ತಿಯ ಚಿಂತೆ ಬಿಟ್ಟು, ತಡ ಎಲ್ಲಿ ಆಗುತ್ತಿದೆ ಎಂಬುದನ್ನು ಮಾತ್ರ ಹುಡುಕತೊಡಗಿದೆ.

ಬಫರನ್ನು 1024ಕ್ಕೆ ಏರಿಸಿದರೆ ಗಡುವು 23 ಮಿಲಿಸೆಕೆಂಡಿಗೆ ಹಿಗ್ಗುತ್ತದೆ, ಚಟಚಟ ಸದ್ದು ಬಹುಮಟ್ಟಿಗೆ ನಿಲ್ಲುತ್ತದೆ. ಆದರೆ ನುಡಿಸುವವರಿಗೆ ಅದು ಆಗಿಬರುವುದಿಲ್ಲ. ಲೆಗ್ ಹಾರ್ಮೋನಿಯಂನಲ್ಲಿ ಪಳಗಿದ ಮೇಷ್ಟ್ರೊಬ್ಬರು ನನ್ನ ಮಿಡಿ ಕೀಬೋರ್ಡಿನ ಮುಂದೆ ಕುಳಿತು ಒಂದು ಕಂದಪದ್ಯಕ್ಕೆ ಸ್ವರ ಹಿಡಿದವರು, ಎರಡು ಸಾಲು ಮುಗಿಯುವ ಮೊದಲೇ ಕೈ ತೆಗೆದು, "ಬೆರಳು ಇಟ್ಟ ಮೇಲೆ ಸ್ವರ ಬರ್ತೈತಲ್ಲಪ್ಪ, ಹಿಂಗಾದ್ರೆ ತಾಳ ಹೆಂಗೆ ಹಿಡಿಯೋದು?" ಎಂದು ಕೇಳಿದರು. ಅವರ ಕಿವಿ ಹಿಡಿದದ್ದು ಆ 23 ಮಿಲಿಸೆಕೆಂಡುಗಳನ್ನೂ ಅದರ ಮೇಲೆ ಇಂಟರ್‌ಫೇಸ್ ಸೇರಿಸುವ ಅಲ್ಪ ತಡವನ್ನೂ. ಅಂದಿನಿಂದ ನುಡಿಸಿ ಮುದ್ರಿಸುವಾಗ 128, ಮಿಕ್ಸಿಂಗಿಗೆ ಕುಳಿತಾಗ 1024 ಎಂದು ಎರಡು ಹಂತಗಳನ್ನು ಬೇರೆಬೇರೆಯಾಗಿಯೇ ಇಟ್ಟುಕೊಂಡಿದ್ದೇನೆ. ಇಂಟರ್‌ಫೇಸಿನೊಂದಿಗೆ ತಯಾರಕರೇ ಕೊಡುವ, ತಡ ಕಡಿಮೆ ಮಾಡುವ ಆಸಿಯೊ (ASIO) ಡ್ರೈವರನ್ನೇ ಬಳಸುವುದು ಇದಕ್ಕೆ ಅಗತ್ಯ. ವಿಂಡೋಸಿನ ಸಾಮಾನ್ಯ ಧ್ವನಿ ಡ್ರೈವರಿನಲ್ಲಿ ಇಷ್ಟು ಸಣ್ಣ ಬಫರ್ ನನಗೆ ಸ್ಥಿರವಾಗಿ ನಿಲ್ಲಲಿಲ್ಲ.

128ರಲ್ಲಿ ಒಂದೇ ಒಂದು ಪಿಯಾನೊ ನುಡಿಸಿದರೂ ಆಗಾಗ ಟಪ್ ಎನ್ನುತ್ತಿತ್ತು. ಒಂದು ವಾದ್ಯಕ್ಕೇ ಹೀಗಾದರೆ ಕಾರಣ ವಾದ್ಯದಲ್ಲಿಲ್ಲ ಎಂದುಕೊಂಡು ಯಾವ ಡ್ರೈವರ್ ತಡ ಮಾಡುತ್ತಿದೆ ಎಂದು ಪಟ್ಟಿ ಮಾಡಿ ತೋರಿಸುವ ಲೇಟೆನ್ಸಿಮಾನ್ ಎಂಬ ಉಚಿತ ತಂತ್ರಾಂಶವನ್ನು ಓಡಿಸಿದೆ. ವಿಂಡೋಸಿನಲ್ಲಿ ಹಾರ್ಡ್‌ವೇರ್ ಡ್ರೈವರುಗಳ ಕೆಲವು ತುರ್ತು ಕೆಲಸಗಳು ಸಾಮಾನ್ಯ ತಂತ್ರಾಂಶಗಳನ್ನು ಪಕ್ಕಕ್ಕೆ ಸರಿಸಿ ಮೊದಲು ನಡೆಯುತ್ತವೆ. ಯಾವುದಾದರೊಂದು ಡ್ರೈವರ್ ಅಲ್ಲಿ ಹೆಚ್ಚು ಹೊತ್ತು ಕುಳಿತರೆ ಸಂಗೀತದ ತಂತ್ರಾಂಶ ಕಾಯದೆ ವಿಧಿಯಿಲ್ಲ. ಲೇಟೆನ್ಸಿಮಾನಿನ ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲೆ ವೈಫೈಗೆ ಸಂಬಂಧಿಸಿದ ಡ್ರೈವರ್ ಇತ್ತು. ಡಿವೈಸ್ ಮ್ಯಾನೇಜರಿನಲ್ಲಿ ವೈಫೈಯನ್ನು ಡಿಸೇಬಲ್ ಮಾಡಿದ ಕೂಡಲೇ ಗ್ರಾಫ್ ಕೆಳಗಿಳಿಯಿತು, ಪಿಯಾನೊ ಶುದ್ಧವಾಗಿ ಕೇಳಿತು. ಪವರ್ ಪ್ಲಾನನ್ನು ಹೈ ಪರ್ಫಾರ್ಮೆನ್ಸಿಗೆ ಬದಲಿಸಿದ್ದು, ಯುಎಸ್‌ಬಿ ಪೋರ್ಟುಗಳು ನಿದ್ದೆಗೆ ಹೋಗದಂತೆ ಸೆಲೆಕ್ಟಿವ್ ಸಸ್ಪೆಂಡ್ ಆಯ್ಕೆಯನ್ನು ಆಫ್ ಮಾಡಿದ್ದು ಇದರ ಜೊತೆಗಿನ ಕೆಲಸಗಳು. ಇವುಗಳಲ್ಲಿ ಯಾವುದಕ್ಕೂ ಒಂದು ರೂಪಾಯಿ ಖರ್ಚಾಗಲಿಲ್ಲ. ಆದ್ದರಿಂದ ಕೇಳಿದವರಿಗೆಲ್ಲ ಈ ಪರೀಕ್ಷೆಯನ್ನೇ ಮೊದಲು ಮಾಡಲು ಹೇಳುತ್ತೇನೆ.

ಹಣ ಹಾಕಿದ್ದು ಎಸ್‌ಎಸ್‌ಡಿ ಮತ್ತು ರ‍್ಯಾಮಿಗೆ. ಕಾಂಟ್ಯಾಕ್ಟ್‌ನಂಥ ಸ್ಯಾಂಪ್ಲರ್ (ಮೊದಲೇ ಮುದ್ರಿಸಿಟ್ಟ ನಿಜವಾದ್ಯಗಳ ಸ್ವರಗಳನ್ನು ನುಡಿಸುವ ತಂತ್ರಾಂಶ) ಪ್ರತಿಯೊಂದು ಸ್ವರದ ಮೊದಲ ತುಣುಕನ್ನು ಮಾತ್ರ ರ‍್ಯಾಮಿನಲ್ಲಿ ಇಟ್ಟುಕೊಂಡು, ಕೀ ಒತ್ತಿದ ಮೇಲೆ ಉಳಿದದ್ದನ್ನು ಡಿಸ್ಕಿನಿಂದ ಓದಿಕೊಳ್ಳುತ್ತದೆ. ತಿರುಗುವ ಹಾರ್ಡ್‌ಡಿಸ್ಕಿನ ಮುಳ್ಳು ಒಂದು ಜಾಗದಿಂದ ಇನ್ನೊಂದಕ್ಕೆ ಸರಿಯಲು ಸುಮಾರು 10 ಮಿಲಿಸೆಕೆಂಡು ಬೇಕು. ಪಿಟೀಲು ಮೇಳದ ಒಂದು ಸ್ವರಕ್ಕೆ ಹತ್ತಿರದ ಮೈಕು, ದೂರದ ಮೈಕು ಎಂದು ಎರಡು ಮೂರು ದನಿಗಳು ಒಟ್ಟಿಗೆ ಹೊರಡುತ್ತವೆ; ನಾಲ್ಕು ಸ್ವರಗಳ ಮೇಳೈಕೆ ಹಿಡಿದರೆ ಹತ್ತಾರು ಕಡೆಯಿಂದ ಓದಬೇಕಾದ ಡಿಸ್ಕು ಏದುಸಿರು ಬಿಡುವುದು ಸಹಜ. ಈ ಮುದ್ರಿತ ಸ್ವರಗಳ ಸಂಗ್ರಹಗಳಾದ ಸ್ಯಾಂಪಲ್ ಲೈಬ್ರರಿಗಳನ್ನು ಎಸ್‌ಎಸ್‌ಡಿಗೆ ಸ್ಥಳಾಂತರಿಸಿದ ಮೇಲೆ ಈ ತೊಡಕು ಪೂರ್ತಿ ಹೋಯಿತು. ಇದಕ್ಕೆ ವೇಗ ಕೊಂಚ ಕಡಿಮೆಯಿರುವ ಸಾಟಾ ಬಗೆಯ ಎಸ್‌ಎಸ್‌ಡಿಯೇ ನನಗೆ ಸಾಕಾಯಿತು. ಓದುವ ವೇಗ ಹೆಚ್ಚಿದ್ದರಿಂದ ಕಾಂಟ್ಯಾಕ್ಟಿನ ಮೆಮೊರಿ ಆಯ್ಕೆಯಲ್ಲಿ, ಮೊದಲೇ 60 ಕಿಲೋಬೈಟ್ ಇದ್ದ ಪ್ರೀಲೋಡ್ (ಆ ಮೊದಲ ತುಣುಕಿನ) ಗಾತ್ರವನ್ನು 12ಕ್ಕೆ ಇಳಿಸಿದೆ. ಅದೇ ಮೇಳ ಮೊದಲಿಗಿಂತ ಬಹಳ ಕಡಿಮೆ ರ‍್ಯಾಮಿನಲ್ಲಿ ಕುಳಿತುಕೊಂಡಿತು. ಬರೆದು ಮುಗಿದ ವಾದ್ಯಗಳಲ್ಲಿ ಹಾಡಿನಲ್ಲಿ ಬಾರದ ಸ್ವರಗಳನ್ನು ಪರ್ಜ್ ಮಾಡಿ ಮೆಮೊರಿಯಿಂದ ತೆಗೆದುಹಾಕಬಹುದು. ದೂರದ ಮೈಕಿನ ದನಿಯನ್ನು ನಾನು ಬಹಳ ಸಲ ಆಫ್ ಮಾಡಿಯೇ ಇಡುತ್ತೇನೆ. ದೇವಸ್ಥಾನದ ಧ್ವನಿವರ್ಧಕದಲ್ಲಿ ಅದರ ಸೂಕ್ಷ್ಮ ಉಳಿಯುವುದೂ ಇಲ್ಲ. 8 ಜಿಬಿ ರ‍್ಯಾಮನ್ನು 16ಕ್ಕೆ ಏರಿಸಿದ್ದು ಇದರ ನಂತರ.

ಇಷ್ಟಾದ ಮೇಲೂ ದೊಡ್ಡ ಹಾಡುಗಳಲ್ಲಿ ತೊಂದರೆ ಕೊಡುತ್ತಿದ್ದುದು ಪ್ಲಗಿನ್ನುಗಳ (ವಾದ್ಯ, ಎಫೆಕ್ಟುಗಳ ಪುಟ್ಟ ತಂತ್ರಾಂಶಗಳ) ಸರಪಳಿ. ಒಂದು ಟ್ರ್ಯಾಕಿನ ವಾದ್ಯದ ಹಿಂದೆ ದನಿಯ ತಾರ-ಮಂದ್ರಗಳನ್ನು ಹದಮಾಡುವ ಈಕ್ಯೂ, ಅದರ ಹಿಂದೆ ಏರಿಳಿತ ಸಮಮಾಡುವ ಕಂಪ್ರೆಸರ್, ಮಾರ್ದನಿ ಕೊಡುವ ರಿವರ್ಬ್ ಎಂದು ಸಾಲಾಗಿ ನಿಲ್ಲಿಸಿದರೆ ಒಂದರ ಉತ್ತರ ಬರದೆ ಇನ್ನೊಂದು ಶುರುವಾಗಲಾರದು. ಆ ಸಾಲನ್ನು ನಾಲ್ಕು ಕೋರ್‌ಗಳಿಗೆ ಹಂಚಲು ಬರುವುದಿಲ್ಲ. ಎಂದರೆ ಮೂರು ಕೋರ್‌ಗಳು ಬಿಡುವಾಗಿದ್ದಾಗಲೂ ಒಂದು ಕೋರ್ ಗಡುವು ತಪ್ಪಿಸಬಹುದು. ಹಾಡು ಮುದ್ರಿಸಿ ಮಿಕ್ಸ್ ಮಾಡಲು ನಾನು ಬಳಸುವ ರೀಪರ್ ತಂತ್ರಾಂಶದ ಪರ್ಫಾರ್ಮೆನ್ಸ್ ಮೀಟರಿನಲ್ಲಿ ಟ್ರ್ಯಾಕಿಗೊಂದರಂತೆ ಹೊರೆ ಕಾಣುತ್ತದೆ. ಒಂದು ಭಕ್ತಿಗೀತೆಯಲ್ಲಿ ಅತಿ ಹೆಚ್ಚು ಹೊರೆ ಬಿದ್ದಿದ್ದ ಟ್ರ್ಯಾಕು ತಂಬೂರಿಯದು: ಹಾಡಿನ ಉದ್ದಕ್ಕೂ ಬದಲಾಗದೆ ಮೀಟುತ್ತಿರುವ ನಾಲ್ಕು ತಂತಿಗಳು, ಒಂದರ ಮೇಲೊಂದು ಉಳಿದುಕೊಳ್ಳುವ ನೀಳ ದನಿಗಳು, ಅದರ ಮೇಲೆ ಅದರದ್ದೇ ಆದ ಕನ್ವಲ್ಯೂಷನ್ ರಿವರ್ಬ್. ಶ್ರುತಿ ತೀರ್ಮಾನವಾದ ಮೇಲೆ ತಂಬೂರಿಯನ್ನು ವಾದ್ಯವಾಗಿ ಓಡಿಸುವ ಅಗತ್ಯವೇ ಇಲ್ಲ. ಅದನ್ನು ಫ್ರೀಜ್ ಮಾಡಿ ಆಡಿಯೊ ಆಗಿಸಿದೆ. ಪ್ರತಿ ಟ್ರ್ಯಾಕಿಗೂ ಒಂದೊಂದಿದ್ದ ರಿವರ್ಬುಗಳನ್ನು ತೆಗೆದು, ಒಂದೇ ರಿವರ್ಬನ್ನು ಪ್ರತ್ಯೇಕ ಟ್ರ್ಯಾಕಿನಲ್ಲಿಟ್ಟು ಎಲ್ಲ ಟ್ರ್ಯಾಕುಗಳಿಂದಲೂ ಅದಕ್ಕೆ ದನಿಯ ಒಂದು ಪಾಲನ್ನು (ಸೆಂಡ್) ಕಳಿಸಿದೆ. ಎಲ್ಲ ವಾದ್ಯಗಳೂ ಒಂದೇ ಮಂಟಪದಲ್ಲಿ ಕುಳಿತಂತೆ ಕೇಳಿದ್ದು ಅದರ ಇನ್ನೊಂದು ಲಾಭ.

ರೀಪರ್ ಬರೆದಿಟ್ಟ ಟ್ರ್ಯಾಕುಗಳ ಎಫೆಕ್ಟುಗಳನ್ನು ಮುಂಚಿತವಾಗಿಯೇ ಲೆಕ್ಕ ಹಾಕಿಟ್ಟುಕೊಳ್ಳುತ್ತದೆ. ಮುದ್ರಣಕ್ಕೆ ಸಜ್ಜಾಗಿ ಈಗ ನುಡಿಸುತ್ತಿರುವ ಟ್ರ್ಯಾಕಿಗೆ ಮಾತ್ರ ಆ ಅನುಕೂಲವಿಲ್ಲ. ಹಾಗಾಗಿ ನುಡಿಸುವ ವಾದ್ಯವನ್ನು ಎಫೆಕ್ಟುಗಳಿಲ್ಲದೆ ಬರಿದಾಗಿಡುತ್ತೇನೆ. ಎಲ್ಲ ಟ್ರ್ಯಾಕುಗಳೂ ಕೂಡುವ ಮಾಸ್ಟರ್ ಟ್ರ್ಯಾಕಿನಲ್ಲಿ ಲೀನಿಯರ್ ಫೇಸ್ ಈಕ್ಯೂ, ಮುಂದಾಲೋಚಿಸುವ ಲಿಮಿಟರ್ ಇದ್ದರೆ ಅವುಗಳ ವಿಳಂಬ ನುಡಿಸುವವರ ಕಿವಿಗೂ ಸೇರುತ್ತದೆ. ಅವು ಕೊನೆಯ ಹಂತದಲ್ಲಿ ಬಂದರೆ ಸಾಕು.

ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಮಹಡಿ ಕೋಣೆಯ ಕಾವು ವಿಪರೀತ. ಪ್ರೊಸೆಸರ್ ಕಾದಾಗ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ, ಬೆಳಿಗ್ಗೆ ಸರಿಯಿದ್ದ ಹಾಡು ಮಧ್ಯಾಹ್ನ ಒಡೆಯುತ್ತದೆ. ಬೇಸಿಗೆಗೆ ಮುಂಚೆ ಫ್ಯಾನಿನ ಧೂಳು ತೆಗೆಸಿ ಥರ್ಮಲ್ ಪೇಸ್ಟ್ ಹಚ್ಚಿಸುತ್ತೇನೆ. ಹಳ್ಳಿಗೆ ಲ್ಯಾಪ್‌ಟಾಪ್ ಒಯ್ದಾಗ ಕರೆಂಟ್ ಹೋಗಿ ಬ್ಯಾಟರಿಗೆ ಬಿದ್ದರೆ ಅದೂ ವೇಗ ಇಳಿಸುವುದರಿಂದ, ಅಲ್ಲಿ ನುಡಿಸಬೇಕಾದ ಭಾಗಗಳನ್ನು ಮುಂಚೆಯೇ ಆಡಿಯೊ ಮಾಡಿಕೊಂಡು ಹೋಗುತ್ತೇನೆ.

96 ಕಿಲೋಹರ್ಟ್ಸ್‌ನಲ್ಲಿ ಸೆಕೆಂಡಿಗೆ ಲೆಕ್ಕ ಹಾಕಬೇಕಾದ ಸ್ಯಾಂಪಲ್‌ಗಳು 48ರ ಎರಡರಷ್ಟಾಗುತ್ತವೆ. ಫೋನಿನಲ್ಲೂ ಜಾತ್ರೆಯ ಹಾರ್ನ್‌ಗಳಲ್ಲೂ ಕೇಳುವ ಹಾಡಿಗೆ ಆ ಹೊರೆ ಹೊರಿಸುವುದು ನನಗೆ ಸರಿಕಾಣದೆ, ಈಗ ಹೊಸ ಹಾಡುಗಳನ್ನೆಲ್ಲ 48ರಲ್ಲೇ ಮಾಡುತ್ತೇನೆ. ನಂಬಿಕೆಯ ಜಾಗದಿಂದ ಕೊಂಡ ಲೈಬ್ರರಿಗಳ ಫೋಲ್ಡರನ್ನು ಆಂಟಿವೈರಸ್ ತಪಾಸಣೆಯಿಂದ ಹೊರಗಿಟ್ಟಿದ್ದೇನೆ. ಒಪ್ಪಿಕೊಂಡ ನಾಟಕದ ಕೆಲಸ ಮುಗಿಯುವವರೆಗೆ ವಿಂಡೋಸ್ ಅಪ್‌ಡೇಟನ್ನು ತಡೆದಿಟ್ಟು, ಮುಗಿದ ಮೇಲೆ ಹಾಕಿ, ಮುಂದಿನ ಕೆಲಸ ಹಿಡಿಯುವ ಮೊದಲು ಲೇಟೆನ್ಸಿಮಾನನ್ನು ಮತ್ತೊಮ್ಮೆ ಓಡಿಸಿ ನೋಡುತ್ತೇನೆ. ಡ್ರೈವರುಗಳು ಬದಲಾಗುವುದು ಹೆಚ್ಚಾಗಿ ಈ ಅಪ್‌ಡೇಟಿನಲ್ಲಿಯೇ.