ನದಿ ನೀರಿನಲ್ಲಿ ಹಾರ್ಮೋನು ಕೆಡಿಸುವ ರಾಸಾಯನಿಕಗಳು: ಪತ್ತೆ ಹಚ್ಚುವುದು ಹೇಗೆ?

ಕೆನಡಾದ ಒಂಟಾರಿಯೊ ಪ್ರಾಂತ್ಯದ ಪ್ರಾಯೋಗಿಕ ಸರೋವರವೊಂದಕ್ಕೆ 2001ರಿಂದ 2003ರವರೆಗೆ ವಿಜ್ಞಾನಿಗಳು ಗರ್ಭನಿರೋಧಕ ಮಾತ್ರೆಗಳಲ್ಲಿರುವ ಎಥಿನೈಲ್ ಎಸ್ಟ್ರಡಯೋಲ್ ಎಂಬ ಕೃತಕ ಹೆಣ್ಣು ಹಾರ್ಮೋನನ್ನು ಲೀಟರಿಗೆ ಸುಮಾರು 5ರಿಂದ 6 ನ್ಯಾನೊಗ್ರಾಂ ಇರುವಂತೆ ಬೆರೆಸಿದರು. ಹೆಣ್ಣು ಮೀನು ಮೊಟ್ಟೆಗಾಗಿ ತಯಾರಿಸುವ ವೈಟೆಲ್ಲೊಜೆನಿನ್ ಎಂಬ ಪ್ರೋಟೀನು ಗಂಡು ಮೀನುಗಳ ದೇಹದಲ್ಲೂ ತುಂಬಿಕೊಂಡಿತು. ಫ್ಯಾಟ್‌ಹೆಡ್ ಮಿನ್ನೊ ಎಂಬ ಸಣ್ಣ ಮೀನಿನ ಸಂತತಿ ಅಲ್ಲಿ ಬಹುತೇಕ ನಶಿಸಿತು. ಲೀಟರಿಗೆ 1 ನ್ಯಾನೊಗ್ರಾಂ ಎಂದರೆ 100 ಕೋಟಿ ಲೀಟರ್ ನೀರಿನಲ್ಲಿ 1 ಗ್ರಾಂ. ಇಷ್ಟು ಅಲ್ಪವನ್ನು ಅಳೆಯಹೊರಟವರು ಯಂತ್ರಕ್ಕಿಂತ ಮೊದಲು ಬಾಟಲಿಯ ಕಡೆಗೆ ಗಮನ ಕೊಡಬೇಕು, ಏಕೆಂದರೆ ಫಲಿತಾಂಶ ಕೆಡುವುದು ಹೆಚ್ಚಾಗಿ ನದಿಯ ದಡದಲ್ಲಿಯೇ.

ಬಾಟಲಿ ಮತ್ತು ಕೈ

ಪ್ಲಾಸ್ಟಿಕ್ ಬಾಟಲಿ ಬೇಡವೇ ಬೇಡ. ಕಂದು ಬಣ್ಣದ ಗಾಜಿನ ಬಾಟಲಿಯನ್ನು ಮೆಥನಾಲ್‌ನಿಂದ ತೊಳೆದು ಒಣಗಿಸಿಟ್ಟುಕೊಳ್ಳಬೇಕು. ಕೆಲವು ಮಾರ್ಜಕಗಳಲ್ಲಿರುವ ವಸ್ತುಗಳು ಒಡೆದಾಗ ನೋನೈಲ್‌ಫಿನಾಲ್ ಉಂಟಾಗುತ್ತದೆ. ಅಂಥ ಮಾರ್ಜಕದಿಂದ ಬಾಟಲಿ ತೊಳೆದವರು ನಾವು ಹುಡುಕುತ್ತಿರುವುದನ್ನೇ ಅದರೊಳಗೆ ಬಿಟ್ಟಂತಾಗುತ್ತದೆ. ಅಂಗಡಿಯ ರಸೀದಿ ಮುದ್ರಿಸುವ ಥರ್ಮಲ್ ಕಾಗದದಲ್ಲಿ ಹಾರ್ಮೋನು ಕೆಡಿಸುವ ಬಿಸ್ಫಿನಾಲ್-ಎ ಇರಬಹುದಾದ್ದರಿಂದ, ರಸೀದಿ ಹಿಡಿದ ಬರಿಗೈಯಿಂದ ಮುಚ್ಚಳ ತೆರೆಯುವುದೂ ಅಪಾಯವೇ. ಆದ್ದರಿಂದ ಶುದ್ಧ ನೀರು ತುಂಬಿದ ಒಂದು ಬಾಟಲಿಯನ್ನೂ ದಡಕ್ಕೆ ಒಯ್ದು, ಅಲ್ಲಿಯೇ ಅದನ್ನು ಮತ್ತೊಂದು ಖಾಲಿ ಬಾಟಲಿಗೆ ಸುರಿದು, ಮುಚ್ಚಿ ತರಬೇಕು. ಅದರಲ್ಲಿ ಏನಾದರೂ ಕಂಡರೆ ಅದು ನದಿಯದಲ್ಲ, ನಮ್ಮದು.

ನೀರು ತೆಗೆಯುವುದು

ಕೊಳಚೆ ನೀರು ನದಿಗೆ ಸೇರುವ ಜಾಗಕ್ಕಿಂತ ಮೇಲೆ, ಸೇರುವಲ್ಲಿ, ಮತ್ತು ಅದು ಚೆನ್ನಾಗಿ ಬೆರೆತ ನಂತರ ಕೆಳಗೆ, ಹೀಗೆ ಕನಿಷ್ಠ ಮೂರು ಕಡೆ ಮಾದರಿ ಬೇಕು. ಬಾಟಲಿಯ ಬಾಯಿಯನ್ನು ಹರಿವಿಗೆ ಎದುರಾಗಿ ಹಿಡಿದು, ಮೇಲ್ಮೈಯ ಪದರವನ್ನು ಬಿಟ್ಟು ಸ್ವಲ್ಪ ಆಳದಲ್ಲಿ ತುಂಬಬೇಕು. ಒಮ್ಮೆ ತುಂಬಿದ ಬಾಟಲಿ ಆ ಕ್ಷಣದ ಕತೆಯನ್ನಷ್ಟೇ ಹೇಳುತ್ತದೆಯಾದ್ದರಿಂದ, ಸಾಧ್ಯವಾದರೆ 24 ಗಂಟೆಗಳ ಕಾಲ ಆಗಾಗ ತೆಗೆದ ನೀರನ್ನು ಕೂಡಿಸಿದ ಮಾದರಿ ಉತ್ತಮ.

ತಂದ ನೀರನ್ನು ಕತ್ತಲಲ್ಲಿ, 4 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿಟ್ಟು ಬೇಗನೆ ಸಂಸ್ಕರಿಸಬೇಕು. ತಡವಾದರೆ ಹಾರ್ಮೋನು ನಾಶವಾಗುತ್ತದೆ ಎಂದಷ್ಟೇ ಭಾವಿಸುವುದು ಸರಿಯಲ್ಲ. ಮೂತ್ರದ ಮೂಲಕ ಹೊರಬಂದ ಹಾರ್ಮೋನು ಗ್ಲುಕುರೊನೈಡ್ ರೂಪದಲ್ಲಿ, ಅಂದರೆ ಸಕ್ಕರೆಯಂಥ ಅಣುವೊಂದಕ್ಕೆ ಬಂಧಿತವಾಗಿ, ನಿಷ್ಕ್ರಿಯವಾಗಿರುತ್ತದೆ. ನೀರಿನ ಬ್ಯಾಕ್ಟೀರಿಯಾಗಳು ಆ ಬಂಧವನ್ನು ಕತ್ತರಿಸಿದಾಗ ಅದು ಮತ್ತೆ ಸಕ್ರಿಯವಾಗುವುದರಿಂದ, ಬಾಟಲಿಯೊಳಗೇ ಪ್ರಮಾಣ ಏರಲೂಬಹುದು.

ಸಾಂದ್ರಗೊಳಿಸುವುದು

ನೀರನ್ನು ಗಾಜಿನ ನಾರಿನ ಫಿಲ್ಟರ್‌ನಲ್ಲಿ ಸೋಸಿ, ಮೊದಲು ಮೆಥನಾಲ್‌ನಿಂದ, ಬಳಿಕ ಶುದ್ಧ ನೀರಿನಿಂದ ತೋಯಿಸಿದ ಕಾರ್ಟ್ರಿಡ್ಜ್ (ಈ ವಸ್ತುಗಳನ್ನು ಹಿಡಿದಿಡುವ ಪುಡಿ ತುಂಬಿದ ಸಣ್ಣ ಕೊಳವೆ) ಮೂಲಕ ನಿಧಾನವಾಗಿ ಹಾಯಿಸಬೇಕು. ಖಾಲಿಯಾದ ಬಾಟಲಿಯ ಗೋಡೆಯನ್ನೂ ಮೆಥನಾಲ್‌ನಿಂದ ಜಾಲಾಡಿಸಿ ಇಟ್ಟುಕೊಳ್ಳಬೇಕು, ಏಕೆಂದರೆ ಈ ವಸ್ತುಗಳು ಗಾಜಿಗೂ ಅಂಟಿಕೊಳ್ಳುತ್ತವೆ. ಕಾರ್ಟ್ರಿಡ್ಜ್ ಹಿಡಿದಿಟ್ಟದ್ದನ್ನು ಮೆಥನಾಲ್‌ನಿಂದಲೇ ಇಳಿಸಿ, ಅದಕ್ಕೆ ಈ ಜಾಲಾಡಿಸಿದ್ದನ್ನೂ ಕೂಡಿಸಿ, ಸಾರಜನಕದ ಅನಿಲ ಹಾಯಿಸಿ ಆರಿಸಿದರೆ, 1 ಲೀಟರ್ ನೀರಿನ ಸಾರ ಅರ್ಧ ಮಿಲಿಲೀಟರಿಗೆ ಇಳಿದು, ಅಂದರೆ 2,000 ಪಟ್ಟು ಸಾಂದ್ರವಾಗಿ ಕೈಗೆ ಸಿಗುತ್ತದೆ.

ಯೀಸ್ಟ್ ಮೊದಲು, ಯಂತ್ರ ಆಮೇಲೆ

ನನ್ನ ಅಭಿಪ್ರಾಯದಲ್ಲಿ ಮೊದಲು ಮಾಡಬೇಕಾದದ್ದು ಯೀಸ್ಟ್ ಪರೀಕ್ಷೆ. ಈಸ್ಟ್ರೋಜೆನ್ ಎಂಬ ಹೆಣ್ಣು ಹಾರ್ಮೋನನ್ನು ಗುರುತಿಸುವ ಮಾನವನ ಗ್ರಾಹಕ ಪ್ರೋಟೀನಿನ ಜೀನ್ ಸೇರಿಸಿದ ಯೀಸ್ಟ್, ನೀರಿನಲ್ಲಿ ಈಸ್ಟ್ರೋಜೆನ್‌ನಂತೆ ವರ್ತಿಸುವ ಯಾವ ವಸ್ತುವಿದ್ದರೂ ಕಿಣ್ವವೊಂದನ್ನು ಸ್ರವಿಸಿ ಹಳದಿ ದ್ರಾವಣವನ್ನು ಕೆಂಪಾಗಿಸುತ್ತದೆ. ಇದಕ್ಕೆ 2018ರಲ್ಲಿ ಐಎಸ್ಒ 19040 ಮಾನದಂಡವೂ ಬಂದಿದೆ. ಬಣ್ಣ ಬಾರದಿದ್ದರೆ ನೀರು ಶುದ್ಧವೆಂದು ಹಿಗ್ಗಬಾರದು. ವಿಷದಿಂದ ಯೀಸ್ಟೇ ಸತ್ತಿರಬಹುದು. ಆದ್ದರಿಂದ ದ್ರಾವಣದ ಮಬ್ಬನ್ನೂ ಅಳೆದು, ಯೀಸ್ಟ್ ಬೆಳೆದಿದೆಯೇ ಎಂದು ಖಚಿತಪಡಿಸಿಕೊಳ್ಳಬೇಕು.

ಯಾವ ವಸ್ತು, ಎಷ್ಟು ಎಂಬುದನ್ನು ಹೇಳುವುದು ವಸ್ತುಗಳನ್ನು ಬೇರ್ಪಡಿಸುವ ಲಿಕ್ವಿಡ್ ಕ್ರೊಮ್ಯಾಟೋಗ್ರಫಿಗೆ ಜೋಡಿಸಿದ, ಅಣುಗಳನ್ನು ತೂಕದಿಂದ ಗುರುತಿಸುವ ಮಾಸ್ ಸ್ಪೆಕ್ಟ್ರೊಮೀಟರ್. ಇದಕ್ಕಾಗಿ ಸೋಸುವ ಮೊದಲೇ ಡ್ಯುಟೀರಿಯಂ (ಭಾರ ಜಲಜನಕ) ಗುರುತಿನ ಹಾರ್ಮೋನನ್ನು ಗೊತ್ತಾದ ಪ್ರಮಾಣದಲ್ಲಿ ಬೆರೆಸುತ್ತಾರೆ. ಹಾಕಿದ 100 ಪಾಲಿನಲ್ಲಿ 60 ಮಾತ್ರ ಮರಳಿದರೆ, ನಷ್ಟವಾದದ್ದನ್ನು ಲೆಕ್ಕದಲ್ಲಿ ಸರಿಪಡಿಸಬಹುದು. ಆದರೆ ಆ ಗುರುತಿನ ಹಾರ್ಮೋನಿಗೂ ಯೀಸ್ಟ್ ಕೆಂಪಾಗುತ್ತದೆ! ಹೀಗಾಗಿ ಪ್ರತಿ ಜಾಗದಿಂದ ಎರಡು ಬಾಟಲಿ ತಂದು, ಒಂದನ್ನು ಏನೂ ಬೆರೆಸದೆ ಯೀಸ್ಟಿಗೆ ಮೀಸಲಿಡಬೇಕು.

ವರದಿ ಓದುವಾಗ

‘ಪತ್ತೆಯಾಗಿಲ್ಲ’ ಎಂಬ ಪದದ ಪಕ್ಕದಲ್ಲಿ ಪತ್ತೆ ಮಿತಿಯ, ಅಂದರೆ ಪ್ರಯೋಗಾಲಯ ಕಾಣಬಲ್ಲ ಅತಿ ಕಡಿಮೆ ಪ್ರಮಾಣದ, ಅಂಕಿ ಇದೆಯೇ ಎಂದು ನೋಡಬೇಕು. ಐರೋಪ್ಯ ಒಕ್ಕೂಟವು 2015ರಲ್ಲಿ ತನ್ನ ನಿಗಾ ಪಟ್ಟಿಯಲ್ಲಿ ಎಥಿನೈಲ್ ಎಸ್ಟ್ರಡಯೋಲಿಗೆ ಕೇಳಿದ ಪತ್ತೆ ಮಿತಿ ಲೀಟರಿಗೆ 0.035 ನ್ಯಾನೊಗ್ರಾಂ. ಲೀಟರಿಗೆ 1 ನ್ಯಾನೊಗ್ರಾಂಗಿಂತ ಕೆಳಗೆ ಕಾಣಲಾರದ ಪ್ರಯೋಗಾಲಯವು ‘ಪತ್ತೆಯಾಗಿಲ್ಲ’ ಎಂದು ಬರೆದುಕೊಟ್ಟರೆ, ಆ ನೀರಿನಲ್ಲಿ ಐರೋಪ್ಯ ಮಿತಿಯ 28 ಪಟ್ಟು ಹಾರ್ಮೋನು ಇದ್ದರೂ ವರದಿ ಹಾಗೆಯೇ ಇರುತ್ತದೆ.