ಯಾರ್ಕ್‌ವಿಲ್‌ನ ಹಳೇ ಅಂಗಡಿಗಳಲ್ಲಿ ಅರ್ಧ ದಿನ: ಹೋಗೋದು ಹೇಗೆ, ಕೊಳ್ಳೋದು ಏನು

ನ್ಯೂಜೆರ್ಸಿಗೆ ಮಗನ ಮನೆಗೋ ಮಗಳ ಮನೆಗೋ ಬಂದವರನ್ನು ನ್ಯೂಯಾರ್ಕಿಗೆ ಕರೆದುಕೊಂಡು ಹೋದರೆ ಟೈಮ್ಸ್ ಸ್ಕ್ವೇರ್, ಲಿಬರ್ಟಿ ಪ್ರತಿಮೆ, ಅಲ್ಲಿಗೆ ಮುಗೀತು. ಇನ್ನೊಂದು ಅರ್ಧ ದಿನ ಕೈಯಲ್ಲಿದ್ದರೆ ಮ್ಯಾನ್‌ಹಟನ್ನಿನ ಯಾರ್ಕ್‌ವಿಲ್‌ಗೆ ಹೋಗಿ. ಒಂದು ಕಾಲಕ್ಕೆ 86ನೇ ಬೀದಿ ಜರ್ಮನ್ನರದು, 79ರ ಸುತ್ತಮುತ್ತ ಹಂಗೇರಿಯವರದು. ಈಗ ಉಳಿದಿರುವ ಅಂಗಡಿಗಳು ಬೆರಳೆಣಿಕೆಯಷ್ಟು. ಕಿಟಕಿ ಮುಂದೆ ನಿಂತು ಸುಮ್ನೆ ಫೋಟೋ ಹೊಡೆದು ಬರಬೇಡಿ, ಒಳಗೆ ಹೋಗಿ ಏನಾದರೂ ಕೊಳ್ಳಿ. ಫಸ್ಟ್ ಅವೆನ್ಯೂನಲ್ಲಿ 1902ರಿಂದ ಇದ್ದ ಗ್ಲೇಸರ್ಸ್ ಬೇಕರಿ 2018ರಲ್ಲಿ ಬಾಗಿಲು ಹಾಕುವಾಗ ಉದ್ದನೆ ಸಾಲು ನಿಂತಿತ್ತು. ಮುಚ್ಚುವ ದಿನ ಹೋಗಿ ಸಾಲಲ್ಲಿ ನಿಂತು ಏನು ಬಂತು?

ಹೋಗುವುದು ಸುಲಭ. ಪೋರ್ಟ್ ಅಥಾರಿಟಿ ಬಸ್ ನಿಲ್ದಾಣದಲ್ಲಿ ಇಳಿದು, ನೆಲದಡಿಯ ದಾರಿಯಲ್ಲೇ ಟೈಮ್ಸ್ ಸ್ಕ್ವೇರ್ ಸ್ಟೇಷನ್‌ಗೆ ನಡೆದು, 96ನೇ ಬೀದಿ ಕಡೆಗೆ ಹೋಗುವ 'ಕ್ಯೂ' (Q) ಅನ್ನುವ ಸುರಂಗ ರೈಲು ಹತ್ತಿ 86ರಲ್ಲಿ ಇಳಿಯಿರಿ. ಈ ಸ್ಟೇಷನ್ ಶುರುವಾಗಿದ್ದು 2017ರಲ್ಲಿ. ಅದಕ್ಕೆ ಮೊದಲು ವರ್ಷಗಟ್ಟಲೆ ರಸ್ತೆ ಅಗೆದು ಬೇಲಿ ಹಾಕಿದ್ದರಿಂದ ಇಲ್ಲಿನ ಅಂಗಡಿಯವರ ವ್ಯಾಪಾರ ಚೆನ್ನಾಗಿಯೇ ಹಾಳಾಯಿತು. ಶನಿವಾರ ಬೆಳಿಗ್ಗೆ ಹೋದರೆ ಒಳ್ಳೆಯದು. ಭಾನುವಾರವಾದರೆ ಫೋನ್ ಮಾಡಿ ಕೇಳಿಕೊಂಡು ಹೊರಡಿ.

ಮೊದಲು ಸೆಕೆಂಡ್ ಅವೆನ್ಯೂನ ಶಾಲರ್ ಅಂಡ್ ವೆಬರ್, 1937ರ ಜರ್ಮನ್ ಮಾಂಸದಂಗಡಿ. ಸಸ್ಯಾಹಾರಿಗಳೂ ಹೋಗಬಹುದು: ಬಾಟಲಿಯಲ್ಲಿ ಅರೆದ ಸಾಸಿವೆ, ಹುಳಿ ಎಲೆಕೋಸು, ಚಾಕೊಲೇಟ್ ಸಿಗುತ್ತವೆ. ಮಾಂಸ ತಿನ್ನುವವರು ಕಾಲು ಪೌಂಡ್ ಕೇಳಿ, ಅಂದರೆ ಸುಮಾರು 113 ಗ್ರಾಂ, ರುಚಿ ನೋಡಲು ಅಷ್ಟು ಸಾಕು. ಒಂದು ಎಚ್ಚರಿಕೆ. ಲೆಬರ್‌ಕೇಸೆ ಅಂತ ಒಂದಿದೆ. ಕೇಸೆ ಅಂದರೆ ಜರ್ಮನ್ನಿನಲ್ಲಿ ಚೀಸ್, ಹಾಗಂತ ನಾನು ಒಂದು ಕಡೆ ನಮ್ಮ ಅತ್ತೆಗೆ ಧೈರ್ಯವಾಗಿ ಕೊಡಿಸಲು ಹೊರಟಿದ್ದೆ, ಕೌಂಟರಿನವರೇ ತಡೆದರು. ಅದರಲ್ಲಿ ಚೀಸ್ ಇಲ್ಲ, ಇರುವುದು ದನ ಮತ್ತು ಹಂದಿ ಮಾಂಸ. ಅತ್ತೆ ಇನ್ನೂ ಅದನ್ನು ಎಲ್ಲರ ಮುಂದೆ ಹೇಳುತ್ತಾರೆ.

ಕೂತು ಊಟ ಮಾಡಬೇಕೆಂದರೆ ಅದೇ ಸಾಲಿನಲ್ಲಿ 1936ರ ಹೈಡೆಲ್‌ಬರ್ಗ್ ಇದೆ. ಸ್ಪೆಟ್ಸ್ಲೆ ಅನ್ನುವ ನೂಡಲ್ಸ್ ತರದ್ದಕ್ಕೆ ಮೊಟ್ಟೆ ಹಾಕಿರುತ್ತಾರೆ, ನೆನಪಿರಲಿ.

ನನಗೆ ಜಾಸ್ತಿ ಇಷ್ಟ ಹಂಗೇರಿಯವರ ಸಾಮಾನು. ಹಂಗೇರಿಯಲ್ಲಿ ಸೋವಿಯತ್ ಹಿಡಿತದ ವಿರುದ್ಧ ನಡೆದ 1956ರ ದಂಗೆಯ ನಂತರ ಓಡಿಬಂದವರಲ್ಲೂ ಹಲವರು ಈ ಬೀದಿಗಳಲ್ಲಿ ನೆಲೆಸಿದರು. ಅವರ ಪಾಪ್ರಿಕಾ ಪುಡಿ, ಅಂದರೆ ಒಣ ಕೆಂಪು ಮೆಣಸಿನ ಪುಡಿ, ಎಲ್ಲಿ ಕಂಡರೂ ತೆಗೆದುಕೊಳ್ಳಿ. ಪೊಟ್ಟಣದ ಮೇಲೆ 'ಏದೆಶ್' ಅಂತಿದ್ದರೆ ಸಿಹಿ, 'ಚೀಪೋಶ್' ಅಂದರೆ ಖಾರ. ಓದಲು ಬರದಿದ್ದರೆ ಕೇಳಿ, ನಾಚಿಕೆ ಬೇಡ. ಬ್ಯಾಡಗಿ ಮೆಣಸಿನಕಾಯಿ ಬಳಸಿದವರಿಗೆ ಏದೆಶ್ ಅರ್ಥವಾಗುತ್ತದೆ: ಖಾರ ಕಡಿಮೆ, ಬಣ್ಣ ಧಾರಾಳ. ಆದರೆ ನಮ್ಮ ಒಗ್ಗರಣೆ ತರ ಕಾದ ಎಣ್ಣೆಗೆ ಸುರಿಯಬೇಡಿ, ಚಣದಲ್ಲಿ ಸೀದು ಕಹಿಯಾಗುತ್ತದೆ. ಈರುಳ್ಳಿ ಬಾಡಿಸಿ, ಒಲೆ ಆರಿಸಿ, ಪುಡಿ ಹಾಕಿ ಒಮ್ಮೆ ಕೈಯಾಡಿಸಿ, ತಕ್ಷಣ ಸ್ವಲ್ಪ ನೀರು ಹಾಕಿ. ಮನೆಯಲ್ಲಿ ಬೆಳಕು ಬೀಳದ ಕಡೆ ಇಡಿ, ಇಲ್ಲದಿದ್ದರೆ ಬಣ್ಣ ಹೋಗುತ್ತದೆ.

ಪೊಗಾಚಾ ಅನ್ನುವ ಉಪ್ಪುರುಚಿಯ ಬನ್ನು ನೋಡಲು ಮುದ್ದಾಗಿರುತ್ತದೆ, ಆದರೆ ಕೆಲವದರಲ್ಲಿ ಹಂದಿ ಕೊಬ್ಬು ಇರುತ್ತದೆ. ಕೇಳದೆ ಬಾಯಿಗೆ ಹಾಕಬೇಡಿ. ಸ್ಟ್ರುಡೆಲ್ ಅನ್ನುವ, ಚೆರ್ರಿ ತುಂಬಿದ ಪದರದ ತಿಂಡಿ ಕೊಳ್ಳುವಾಗಲೂ ಹಿಟ್ಟಿಗೆ ಬೆಣ್ಣೆಯೋ ಕೊಬ್ಬೋ ಅಂತ ಕೇಳಿಬಿಡಿ.

ಊರಿಗೆ ಒಯ್ಯುವುದಾದರೆ ಪಾಪ್ರಿಕಾ ಪುಡಿ ತೊಂದರೆಯಿಲ್ಲ. ಸಾಸಿವೆ ಬಾಟಲಿಯನ್ನು ಮಾತ್ರ ಚೆಕ್-ಇನ್ ಪೆಟ್ಟಿಗೆಯಲ್ಲೇ ಇಡಿ. ಅದನ್ನು ದ್ರವದ ಲೆಕ್ಕಕ್ಕೆ ಸೇರಿಸುತ್ತಾರೆ, ಕೈಚೀಲದಲ್ಲಿದ್ದರೆ ಏರ್‌ಪೋರ್ಟಿನಲ್ಲೇ ಬಿಟ್ಟುಬರಬೇಕಾಗುತ್ತದೆ.

ಕೊನೆಗೆ, ಗಸಗಸೆ ತುಂಬಿದ ಸುರುಳಿ ಸಿಕ್ಕರೆ ಬಿಡಬೇಡಿ. 'ಮಾಕೊಶ್' ಅಂತ ಕೇಳಿ. ಕತ್ತರಿಸಿದರೆ ಒಳಗೆ ಸುತ್ತಿಗೆ ಸುತ್ತು ಕಪ್ಪು, ತೇವ ಗಸಗಸೆ, ಸಕ್ಕರೆ ಜೊತೆ ಅರೆದದ್ದು. ನಮ್ಮ ಬಿಳಿ ಗಸಗಸೆ ಪಾಯಸಕ್ಕಿಂತ ಘಾಟು ಸ್ವಲ್ಪ ಜಾಸ್ತಿ. ವಾಪಸ್ ಬರುವಾಗ ರೈಲಿನಲ್ಲಿ ಕಣ್ಣೆಳೆದರೆ ಪಕ್ಕದವರಿಗೆ ಹೇಳಿಟ್ಟಿರಿ, ಕ್ಯೂ ರೈಲು ಸೀದಾ ಊರಿನ ಇನ್ನೊಂದು ತುದಿಯ ಕೋನಿ ಐಲ್ಯಾಂಡ್ ತನಕ ಹೋಗುತ್ತದೆ.